ಮಂದೆ ಕರೆಯುವ ಕೂಗಿಗಾಗಿ

ನಿಮ್ಮ ವಿಶ್ವಾವಸು ಸಂವತ್ಸರದಿಂದ ಆಚೆಗೆ ಮೂರನೆಯ ವಿಶ್ವಾವಸು,
ನಡುಶ್ರಾವಣ ಮಾಸ, ಸೋಮವಾರ.
ಕಾವಲಮ್ಮನ ಕಾವಲು, ಮೂಡಲ ಬಲೆಮನೆ.

ಕಾವಲಮ್ಮನ ಹುಲ್ಲುಗಾವಲಿನಲ್ಲಿ ದೇವರ ದನ ಕಾಯುತ್ತಿರುವ ಕಿಲಾರಿಯವರಿಗೆ ಪಾಲಕ್ಕ ಮಾಡುವ ನಮಸ್ಕಾರಗಳು.

ಇವತ್ತು ಸೋಮವಾರ, ನನಗೆ ಒಪ್ಪೊತ್ತು. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಕೊಟ್ಟಿಗೆ ಗುಡಿಸಿ ಸಗಣಿಯನ್ನು ಗುಂಡಿಗೆ ಹಾಕಿ ಮುಚ್ಚಳ ಮುಚ್ಚಿದೆ. ಗಾಳಿಬಟ್ಟೆ ಇಳಿಸಿ ನೋಡಿದೆ. ಬೂದಿಯ ಕೊರಳು, ತೊಡೆಸಂದು, ಕೆಚ್ಚಲು ಎಲ್ಲ ಕಡೆ ಕೈಯಾಡಿಸಿ ಎಲ್ಲೂ ಗಂಟಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ತಲೆಗೆ ನೀರು ಹಾಕಿಕೊಂಡು, ಅಮ್ಮನ ಪಟದ ಮುಂದೆ ದೀಪ ಹಚ್ಚಿ, ಈ ಓಲೆಗೆ ಕುಳಿತಿದ್ದೇನೆ. ಬೂದಿ ಎಂದರೆ ನಾನು ಕಾಯುವ ಹಸು. ವಿಭೂತಿಯ ಬಣ್ಣದವಳಾದ್ದರಿಂದ ಆ ಹೆಸರು. ಅವಳು ಮೆಲುಕು ಹಾಕುವ ಸದ್ದು ಬಿಟ್ಟರೆ ಇಲ್ಲಿ ಇನ್ನೊಂದು ಸದ್ದಿಲ್ಲ. ಇವತ್ತಿನ ಉಪವಾಸ ಶಿವನಿಗೆ ಮಾತ್ರವಲ್ಲ, ಇನ್ನೊಂದು ಕಾರಣಕ್ಕೂ ಹಿಡಿದಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾನು ಹಟ್ಟಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಿಮ್ಮ ಪಂಚಾಂಗದಲ್ಲಿ ನಡುಶ್ರಾವಣ ಎಂಬ ತಿಂಗಳು ಇಲ್ಲವೆಂದು ನನಗೆ ಗೊತ್ತು. ನಮ್ಮ ಕಾಲಕ್ಕೆ ಮಳೆ ತನ್ನ ಲೆಕ್ಕವನ್ನೇ ಬಿಟ್ಟಿತು. ಆಷಾಢದ ಗಾಳಿ ನಿಂತ ಮೇಲೆ ಮೋಡವೂ ಸರಿಯದೆ, ಸೆಕೆಯೂ ಇಳಿಯದೆ, ನೆಲ ಆರದೆ ಬೆವರುವ ಒಂದು ಕಾಲ ಬಂದು ಕುಳಿತುಕೊಂಡಿತು. ಪಂಚಾಂಗದ ಹಿರಿಯರು ಒಂದೆರಡು ತಲೆಮಾರು ಅದನ್ನು ಶ್ರಾವಣದೊಳಗೇ ತುರುಕಲು ನೋಡಿ, ಕೊನೆಗೆ ಸೋತು, ಅದಕ್ಕೊಂದು ತಿಂಗಳನ್ನೇ ಬಿಟ್ಟುಕೊಟ್ಟರು. ಈ ತಿಂಗಳಲ್ಲಿ ಹಬ್ಬವಿಲ್ಲ, ಮದುವೆಯಿಲ್ಲ, ದನವನ್ನು ಹೊರಗೆ ಬಿಡುವಂತಿಲ್ಲ. ಸೋಮವಾರಗಳನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ.

ಈ ಓಲೆಗೆ ನಾವು ಹಿಂದೋಲೆ ಎನ್ನುತ್ತೇವೆ. ಮುಂದಿನವರು ಹಿಂದಿನವರಿಗೆ ಬರೆಯುವುದು. ಐವತ್ತು ತುಂಬಿದವರು ಬದುಕಿನಲ್ಲಿ ಒಂದೇ ಒಂದು ಬರೆಯಬಹುದು. ಉತ್ತರ ಬಂದವರಿಗೆ ಮಾತ್ರ ಇನ್ನೊಂದು ಬರೆಯುವ ಅವಕಾಶ. ಕಾವಲಮ್ಮನ ಗುಡಿಯ ಹಿಂದೆ ನಿಮ್ಮ ದನಗಳು ನೀರು ಕುಡಿಯುವ ಕಲ್ಲುಬಾನಿ ಇದೆಯಲ್ಲ, ಅದರೊಳಗೆ ಸಂಜೆ ಇಟ್ಟರೆ ಬೆಳಗ್ಗೆ ಇರುವುದಿಲ್ಲ. ಹೇಗೆ ಹೋಗುತ್ತದೆಂದು ನನಗೆ ತಿಳಿಯದು. ಅಮ್ಮ ಒಯ್ಯುತ್ತಾಳೆಂದು ನಂಬಿದ್ದೇನೆ. ಆಚೆ ದಿಬ್ಬದ ಬಲೆಮನೆಯ ಬೋಸಯ್ಯ ಮಾತ್ರ ನಗುತ್ತಾನೆ. ‘ಇಲಿ ತಿಂದಿರ್ತಾವೆ ಕಣವ್ವ, ನಿನ್ ಓಲೇನ ಓದೋ ಅಷ್ಟು ಪುರುಸೊತ್ತು ಹಿಂದಿನೋರಿಗೆ ಎಲ್ಲೈತೆ’ ಎಂಬುದು ಅವನ ಮಾತು. ಇರಲಿ. ಹೆಚ್ಚಿನವರು ಹಿಂದೋಲೆಯನ್ನು ತೀರಿಹೋದ ತಮ್ಮ ತಾಯಿಗೆ ಬರೆಯುತ್ತಾರೆ. ನಾನೂ ಅವ್ವನಿಗೇ ಬರೆಯಬೇಕೆಂದು ಇದ್ದೆ. ಏನೇನು ಕೇಳಬೇಕೆಂದು ಯೋಚಿಸಿ ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟು, ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಅಷ್ಟು ಅಗತ್ಯದ್ದು ನಿಮ್ಮಲ್ಲಿದೆ ಎಂದು ತಿಳಿಯಿರಿ.

ನಾನಿರುವ ಬಲೆಮನೆಯನ್ನು ನಿಮಗೆ ಹೇಗೆ ತೋರಿಸಲಿ? ಸೊಳ್ಳೆಪರದೆಯೊಳಗೆ ಮಲಗಿದ್ದೀರಲ್ಲ, ಆ ಪರದೆಯನ್ನೇ ಒಂದು ಮನೆ, ಒಂದು ಕೊಟ್ಟಿಗೆ, ಒಂದು ಅಂಗಳ, ಒಂದು ಬೇವಿನ ಮರ ಎಲ್ಲದರ ಮೇಲೂ ಹೊದಿಸಿದಂತೆ ಊಹಿಸಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದ ಬಲೆ. ಒಳಗಿನಿಂದ ಆಕಾಶ ಯಾವಾಗಲೂ ಹಾಲಿನ ಕೆನೆ ಕಟ್ಟಿದಂತೆ ಕಾಣುತ್ತದೆ. ಒಂದು ಬಲೆಮನೆಗೆ ಒಂದು ದನ, ಒಬ್ಬ ಕಾಯುವವರು. ಒಂದರಿಂದ ಇನ್ನೊಂದು ಕಾಣಬಾರದು, ಒಂದರ ವಾಸನೆ ಇನ್ನೊಂದಕ್ಕೆ ಹೋಗಬಾರದು. ಇದಕ್ಕೆ ಒಂಟಿಕಟ್ಟು ಎಂದು ಹೆಸರು. ಕಾಯುವವರೂ ಹಿಂದೆ ಮುಂದೆ ಯಾರೂ ಇಲ್ಲದವರೇ ಆಗಿರುತ್ತಾರೆ, ಓಡಾಟ ಕಡಿಮೆಯಿರಲಿ ಎಂದು. ಗಂಡ ತೀರಿಕೊಂಡ ಮೇಲೆ ನಾನಾಗಿಯೇ ಕೇಳಿ ಬಂದೆ. ಮೊದಲು ಬೂದಿಯ ತಾಯಿಯನ್ನು ಕಾದೆ, ಬೂದಿ ಹಾಲು ಬಿಟ್ಟ ಮೇಲೆ ತಾಯಿಯನ್ನು ಇನ್ನೊಬ್ಬರಿಗೆ ಬಿಟ್ಟು ಬೂದಿಯೊಂದಿಗೆ ಈ ಬಲೆಮನೆಗೆ ಬಂದೆ. ಬೋಸಯ್ಯನ ಹಸು ಕೆಂಚಿ. ಅವನೊಂದಿಗೆ ಮಾತುಗೂಡಿನಲ್ಲಿ ದಿನಾ ಸಂಜೆ ಮಾತಾಡುತ್ತೇನೆ. ಮಾತುಗೂಡು ಎಂದರೆ ಗೋಡೆಯಲ್ಲಿರುವ ಒಂದು ಗೂಡು, ಅದರಲ್ಲಿ ಮಾತಾಡಿದ್ದು ಅಲ್ಲಿ ಕೇಳುತ್ತದೆ. ಮುಖ ಕಾಣುವುದಿಲ್ಲ. ಅವನ ದನಿ ನನಗೆ ಚೆನ್ನಾಗಿ ಗೊತ್ತು. ಮುಖ ಮಾತ್ರ ಹೋದ ಮಾಘಮಾಸದವರೆಗೂ ನೋಡಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ನೊರಜು. ನೊರಜು ನಿಮ್ಮಲ್ಲೂ ಇದೆ, ಸಾಸಿವೆಗಿಂತ ಸಣ್ಣದು, ಕಚ್ಚಿದ ಮೇಲೇ ಗೊತ್ತಾಗುವುದು. ನಿಮ್ಮ ಕಾಲದಲ್ಲಿ ದನಕ್ಕೆ ಗಂಟು ರೋಗ ಬಂದಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ದೂರದ ನೆಂಟಸ್ತಿಕೆಯ ಇನ್ನೊಂದು ನಮ್ಮ ಕಡೆ ಹುಟ್ಟಿಕೊಂಡಿತು. ಅದನ್ನು ಗಾಳಿಗಂಟು ಎನ್ನುತ್ತೇವೆ. ಜ್ವರ ಬರುತ್ತದೆ, ಮೈಯೆಲ್ಲ ಅಡಿಕೆಯಷ್ಟು ಗಂಟು ಏಳುತ್ತದೆ, ದನ ಮೇವು ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತದೆ. ಇದೆಲ್ಲ ಹೇಗೆ ನಡೆಯುತ್ತದೆಂದು ನನಗೆ ತಿಳಿಸಿಕೊಟ್ಟವರು ದನದ ಡಾಕ್ಟರ್ ಚಾರುಮತಿಯವರು. ನನಗೆ ಅರ್ಥವಾದಂತೆ ಹೇಳುತ್ತೇನೆ. ರೋಗದ ದನವನ್ನು ಕಚ್ಚಿದ ನೊರಜಿನ ಹೊಟ್ಟೆಯೊಳಗೆ ರೋಗ ಮೊದಲು ಕಾಯಿಯಂತೆ ಇರುತ್ತದೆ. ಅದು ಹಣ್ಣಾದರೆ ಮಾತ್ರ ಇನ್ನೊಂದು ದನಕ್ಕೆ ಇಳಿಯುತ್ತದೆ. ಹಣ್ಣಾಗಲು ಸೆಕೆ ಬೇಕು. ಸೆಕೆ ಹೆಚ್ಚಿದಷ್ಟೂ ಬೇಗ ಹಣ್ಣಾಗುತ್ತದೆ. ಚಳಿಯಿದ್ದರೆ ಕಾಯಿ ಕಾಯಿಯಾಗಿಯೇ ಉಳಿದು, ಅಷ್ಟರೊಳಗೆ ನೊರಜಿನ ಆಯಸ್ಸೇ ಮುಗಿಯುತ್ತದೆ. ನಿಮ್ಮ ಕಾಲದ ಪುಷ್ಯ ಮಾಘದ ಚಳಿ ಹೀಗೆ ನಿಮಗೆ ಗೊತ್ತಿಲ್ಲದಂತೆಯೇ ನಿಮ್ಮ ದನ ಕಾಯುತ್ತಿತ್ತು. ಬೆಳಗಿನ ಚಳಿಗೆ ಕಂಬಳಿ ಹೊದ್ದು ಬೈದುಕೊಳ್ಳುತ್ತೀರೇನೋ. ಬೈಯಬೇಡಿ.

ಮಳೆಯದ್ದೂ ಹೀಗೇ ಒಂದು ಬಗೆ. ಜೋರು ಮಳೆ ನೊರಜನ್ನು ನೆಲಕ್ಕೆ ಬಡಿಯುತ್ತದೆ, ಆಗ ಭಯವಿಲ್ಲ. ಜೋರು ಗಾಳಿಯಲ್ಲೂ ಅದು ಹಾರಲಾರದು. ಮಳೆ ನಿಂತು, ಗಾಳಿ ಸತ್ತು, ಮೋಡದ ಕೆಳಗೆ ನೆಲ ಬೇಯುವಂತಾದಾಗ ಹುಷಾರಾಗಿರಬೇಕು. ಒದ್ದೆ ಸಗಣಿಯಲ್ಲಿ, ನೀರಿನ ಅಂಚಿನ ಕೆಸರಿನಲ್ಲಿ ಇಟ್ಟ ಮೊಟ್ಟೆ ಆಗ ಒಡೆಯುತ್ತದೆ. ಸಂಜೆ ತೆಳ್ಳಗೆ ಗಾಳಿ ಬೀಸಿತೆಂದರೆ, ಬಂಡಿ ಹತ್ತಿ ಕುಳಿತವರಂತೆ ನೊರಜುಗಳು ಆ ಗಾಳಿ ಹತ್ತಿ ಹಟ್ಟಿಯಿಂದ ಹಟ್ಟಿಗೆ ಹೋಗುತ್ತವೆ. ಅದಕ್ಕೇ ಪ್ರತಿ ಬಲೆಮನೆಯ ಹೊರಗೂ ಗಾಳಿಬಟ್ಟೆ ಕಟ್ಟುವುದು. ಬಿಳಿ ಬಟ್ಟೆಗೆ ಹರಳೆಣ್ಣೆ ಸವರಿ ಕೋಲಿಗೆ ಏರಿಸುತ್ತೇವೆ, ಬೆಳಗ್ಗೆ ಇಳಿಸಿ ಎಷ್ಟು ನೊರಜು ಅಂಟಿದೆಯೆಂದು ನೋಡುತ್ತೇವೆ. ಇವತ್ತು ಬಟ್ಟೆಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂತಿತ್ತು. ಮಾತುಗೂಡಿನಲ್ಲಿ ಹೇಳಿದೆ. ಬೋಸಯ್ಯ ತನ್ನ ಬಟ್ಟೆ ಇನ್ನೂ ಇಳಿಸಿರಲಿಲ್ಲ. ‘ನಿಂದು ನೋಡಿದ್ಮೇಲೆ ನಂದೇನು ನೋಡೋದು, ಅದೇ ನೊರಜು ಮೊದಲು ನಿಮ್ಮನೇಲಿ ಊಟ ಮಾಡ್ಕಂಡು ಇಲ್ಲಿಗೆ ಬರೋದು’ ಎಂದ. ‘ಇಳಿಸಣ್ಣ, ಸೋಮಾರಿ’ ಎಂದು ಬೈದೆ.

ಒಂಟಿಕಟ್ಟು ಬಂದದ್ದು ಹೇಗೆಂದರೆ, ನಿಮ್ಮ ಮರಿಮಕ್ಕಳ ಕಾಲದಲ್ಲಿ ಒಂದು ವರ್ಷ ಚಳಿಗಾಲ ಬರಲೇ ಇಲ್ಲ. ಪುಷ್ಯದಲ್ಲಿ ಮಳೆ ಹೊಯ್ದು ನಿಂತಿತು. ಯಾವುದೋ ಒಂದು ಹಟ್ಟಿಯ ದೇವರ ದನದಲ್ಲಿ ಎರಡಕ್ಕೆ ಗಂಟು ಎದ್ದಿತು. ಆಗ ನಮ್ಮವರು, ಭಕ್ತರಾದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಅಮ್ಮ ಮುನಿದಿದ್ದಾಳೆ, ಎಲ್ಲ ಹಟ್ಟಿಯ ಮಂದೆಗಳೂ ಒಟ್ಟಾಗಿ ಅವಳ ಮುಂದೆ ನಿಂತರೆ ಶಾಂತಳಾದಾಳು ಎಂದು ದೂರದೂರದ ದನಗಳನ್ನೆಲ್ಲ ಹೊಡೆದುಕೊಂಡು ಗುಡಿಗೆ ಬಂದರು. ಕಲ್ಲುಬಾನಿಯ ಸುತ್ತ ಮೊಣಕಾಲುದ್ದ ಕೆಸರು. ಗಾಳಿ ಅಲುಗುತ್ತಿರಲಿಲ್ಲವಂತೆ, ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲವಂತೆ. ದನಗಳ ಮೈಗೆ ಅರಿಶಿನದ ನೀರು ಚಿಮುಕಿಸಿ, ಹಾಡಿ, ಅಮ್ಮನಿಗೆ ಮೀಸಲಿಟ್ಟ ಹಾಲು ಒಪ್ಪಿಸಿ, ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ಒಂದು ಮಂದೆಯ ರೋಗ ಎಲ್ಲ ಮಂದೆಗಳ ಜೊತೆ ಮನೆಗೆ ಹೋಯಿತು. ನಾನು ಅವರನ್ನು ದೂರುವುದಿಲ್ಲ. ಆ ಕಾಲದಲ್ಲಿದ್ದರೆ ಆ ಅರಿಶಿನದ ತಂಬಿಗೆ ಹಿಡಿದು ಮುಂದೆ ನಿಲ್ಲುತ್ತಿದ್ದವಳು ನಾನೇ. ಅಮ್ಮ ಮುನಿದಿರಲಿಲ್ಲ, ಹವೆ ಕೆಟ್ಟಿತ್ತು. ಇವೆರಡರ ವ್ಯತ್ಯಾಸ ಆಗ ಯಾರಿಗೂ ಗೊತ್ತಿರಲಿಲ್ಲ.

ಉಳಿದ ದನಗಳನ್ನು ಬೆದರಿದ ಜನ ಒಂದೊಂದಾಗಿ ಬೇರೆ ಮಾಡಿದರು. ಅದೂ ಸರಿಯೇ, ಅದರಿಂದಲೇ ಅವು ಬದುಕಿದವು. ಆದರೆ ಹವೆ ಸರಿಯಾದ ಮೇಲೆ ಮತ್ತೆ ಕೂಡಿಸಬೇಕಿತ್ತು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದರು. ನೋಡೋಣ ಎಂದವರು ತೀರಿಕೊಂಡರು. ಅವರ ಮಕ್ಕಳಿಗೆ ಮಂದೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಹೀಗೆ ಬೂದಿ ಹುಟ್ಟಿದಳು, ಹಾಲು ಬಿಟ್ಟ ದಿನವೇ ತಾಯಿಯನ್ನು ಅಗಲಿ ಈ ಬಲೆಮನೆಗೆ ಬಂದಳು, ಅಲ್ಲಿಂದ ಈಚೆಗೆ ನನ್ನ ಮತ್ತು ಡಾಕ್ಟ್ರಮ್ಮನ ಮುಖ ಬಿಟ್ಟು ಇನ್ನೊಂದು ಜೀವದ ಮುಖ ನೋಡಿರಲಿಲ್ಲ.

ಹೋದ ಮಾಘಮಾಸದಲ್ಲಿ ಅಪರೂಪಕ್ಕೆ ಚಳಿ ಬಿತ್ತು. ಗಾಳಿಬಟ್ಟೆ ದಿನಾ ಒಗೆದಿಟ್ಟಂತೆ ಬೆಳ್ಳಗೆ ಇಳಿಯತೊಡಗಿತು. ಡಾಕ್ಟ್ರಮ್ಮ ಮೇಲಿನವರ ಹತ್ತಿರ ಓಡಾಡಿ ಒಂದು ಅನುಮತಿ ತಂದರು. ಬೂದಿಯನ್ನೂ ಕೆಂಚಿಯನ್ನೂ ಒಂದು ದಿನ ಕಾವಲಿನಲ್ಲಿ ಒಟ್ಟಿಗೆ ಬಿಟ್ಟು ನೋಡುವುದು. ಬೆಳಗ್ಗೆ ಅವಳ ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಮಗಳನ್ನು ಕಳಿಸುವವಳಂತೆ ಬಲೆಯ ಬಾಗಿಲು ತೆಗೆದೆ. ಆಕಾಶ ಅಷ್ಟು ನೀಲಿಯಿರುವುದು ನನಗೇ ಮರೆತಿತ್ತು. ಆಚೆಯಿಂದ ಬೋಸಯ್ಯ ಕೆಂಚಿಯನ್ನು ಹಿಡಿದು ಬಂದ. ಕಪ್ಪಗೆ, ಕುಳ್ಳಗೆ, ಒಂದೇ ಹಲ್ಲಿನ ಮುದುಕ. ದನಿ ಕೇಳಿ ನಾನು ಎತ್ತರದ ಆಳು ಎಂದುಕೊಂಡಿದ್ದೆ.

ಬೂದಿ ಕೆಂಚಿಯನ್ನು ನೋಡಿದಳು. ನಡುಗಿದಳು. ಓಡಿಬಂದು ನನ್ನ ಬೆನ್ನಿಗೆ ಮುಖ ಒತ್ತಿ, ಸೆರಗಿನ ಹಿಂದೆ ಅಷ್ಟು ದೊಡ್ಡ ಮೈಯನ್ನು ಬಚ್ಚಿಡಲು ನೋಡಿದಳು. ಕೆಂಚಿಯೂ ಅಷ್ಟೇ, ಬೋಸಯ್ಯನ ಕಂಬಳಿಯೊಳಗೆ ತಲೆ ತೂರಿಸಿ ನಿಂತುಬಿಟ್ಟಳು.

‘ಏನವ್ವ ಪಾಲಕ್ಕ, ನಿನ್ ಮಗಳು ನನ್ ಮಗಳ್ನ ಕಂಡು ದೆವ್ವ ಕಂಡಂಗೆ ಆಡ್ತಾಳಲ್ಲ?’

‘ಹೆದರಿದ್ದು ಕೆಂಚೀಗಲ್ಲ ಕಣಣ್ಣ, ಪಕ್ಕದಾಗೆ ನೀನು ನಿಂತಿದ್ದೀಯಲ್ಲ ಅದಕ್ಕೆ.’

ನಗಾಡಿದೆವು. ಆದರೆ ಮಧ್ಯಾಹ್ನವಾದರೂ ಅವು ಒಂದನ್ನೊಂದು ಮೂಸಲಿಲ್ಲ. ಅಷ್ಟು ವಿಶಾಲ ಹುಲ್ಲಿನಲ್ಲಿ ಒಂದು ಬಾಯಿ ಹುಲ್ಲು ಕಚ್ಚಲಿಲ್ಲ. ಡಾಕ್ಟ್ರಮ್ಮ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿ, ‘ಪಾಲಕ್ಕ, ಇವಕ್ಕೆ ಯಾವ ರೋಗವೂ ಇಲ್ಲ. ತಾವು ದನ ಅನ್ನೋದೇ ಇವಕ್ಕೆ ಗೊತ್ತಿಲ್ಲ. ನಿಮ್ಮ ಹಿರಿಯರು ಮಂದೇನ ಹೇಗೆ ಸೇರಿಸ್ತಿದ್ರು?’ ಎಂದು ಕೇಳಿದರು. ಕೂಗುತ್ತಿದ್ದರು ಎಂಬುದು ನನಗೂ ಬೋಸಯ್ಯನಿಗೂ ಗೊತ್ತು. ಹೇಗೆ ಕೂಗುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಕಿಲಾರಿಯವರೇ, ನಿಮಗೆ ನಾನು ಹೇಳಬೇಕಾದ್ದಿಲ್ಲ, ನಿಮ್ಮ ಬಾಯಲ್ಲೇ ಇರುವುದು ಅದು. ಸಂಜೆ ದಿಬ್ಬದ ಮೇಲೆ ನಿಂತು ನೀವು ಕೂಗಿದರೆ ಕಾವಲಿನ ಮೂಲೆಮೂಲೆಯ ದನ ತಲೆಯೆತ್ತಿ, ತಾವೂ ಕೂಗಿ, ಒಂದರ ಹಿಂದೆ ಒಂದು ಬಂದು ಸೇರುತ್ತಿದ್ದವಂತೆ. ಜೊತೆಗೆ ಒಂದು ಕಟ್ಟಳೆಯೂ ಇತ್ತು. ಮಂದೆಯಿಲ್ಲದೆ ಆ ಕೂಗು ಕೂಗಬಾರದು. ಆಟಕ್ಕೆ ಕೂಗಬಾರದು, ಕಲಿಸಲೆಂದೂ ಕೂಗಬಾರದು. ಮಗ ತಂದೆಯ ಹಿಂದೆ ಮಂದೆಯ ನಡುವೆ ನಿಂತು ಕೇಳಿಯೇ ಕಲಿಯಬೇಕು. ಮಂದೆ ಒಡೆದು ಒಂಟಿಕಟ್ಟು ಬಂದ ದಿನವೇ ನಿಮ್ಮ ಕುಲದವರು ಬಾಯಿ ಮುಚ್ಚಿದರು. ನಮ್ಮ ಅಜ್ಜಿಯ ಅಜ್ಜ ಕೊನೆಯ ಕಿಲಾರಿ. ಅವನು ಹಾಸಿಗೆ ಹಿಡಿದಾಗ ಮಗಳು ಒಂದೇ ಒಂದು ಸಲ ಕೂಗಿ ತೋರಿಸೆಂದು ಬೇಡಿಕೊಂಡಳಂತೆ. ‘ದನ ಎಲ್ಲವ್ವ? ಬರ್ದೇ ಇರೋರ್ನ ಹೆಂಗೆ ಕರೀಲಿ?’ ಎಂದು ಗೋಡೆ ಕಡೆ ತಿರುಗಿ ಮಲಗಿದನಂತೆ. ಭಕ್ತಿಯಿಂದಲೇ ಮಂದೆ ಕೂಡಿಸಿ ಕಳೆದುಕೊಂಡೆವು, ಭಕ್ತಿಯಿಂದಲೇ ಕೂಗನ್ನೂ ಕಳೆದುಕೊಂಡೆವು. ಇದನ್ನು ಬರೆಯುತ್ತಿರುವ ನಾನೂ ಭಕ್ತಳೇ.

ಸುಮ್ಮನೆ ಕುಳಿತಿಲ್ಲ ನಾವು. ಡಾಕ್ಟ್ರಮ್ಮ ಯಾವ ಯಾವುದೋ ದೇಶದ ದನದ ದನಿಗಳನ್ನು ಪೆಟ್ಟಿಗೆಯಲ್ಲಿ ತಂದು ಕೇಳಿಸಿದರು. ಬೂದಿ ಪೆಟ್ಟಿಗೆಯ ಹಿಂದೆ ಹೋಗಿ ಇಣುಕಿ, ಯಾರೂ ಇಲ್ಲವೆಂದು ತಿಳಿದು, ಮಲಗಿದಳು. ಬೋಸಯ್ಯ ತಾನೇ ಒಂದು ಕೂಗು ಕಟ್ಟಿದ. ಬಂಡಿಯ ಒಣಗಿದ ಗಾಲಿ ಕಿರುಗುಟ್ಟಿದಂತಿತ್ತು. ಕೆಂಚಿ ಆ ದಿನ ನೀರೇ ಕುಡಿಯಲಿಲ್ಲವಂತೆ. ಅದನ್ನು ಹೇಳಿ ಅವನು ನಕ್ಕ, ಆಮೇಲೆ ನಗು ಬಿಟ್ಟ. ‘ಪಾಪ ಬರ್ತೈತೆ ಅಂತ ನಮ್ಮೋರೆಲ್ಲ ಬಾಯಿ ಮುಚ್ಕಂಡು ಸತ್ರು ಕಣವ್ವ. ಈಗ ಬಾಯಿ ತೆಗೆದ್ರೆ ನಮಗೇನೂ ಬರವಲ್ದು’ ಎಂದ. ಅವನು ಹಾಗೆ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಒಂದು ವಿಷಯ ನಿಮಗೆ ಹೇಳಬೇಕು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೂದಿ ಪಡುವಣಕ್ಕೆ ತಿರುಗಿ ಒಂದು ಸಲ ಕೂಗುತ್ತಾಳೆ. ಅಂಬಾ ಎನ್ನುವಂಥದ್ದಲ್ಲ ಅದು. ಕೆಳಗಿನಿಂದ ಎದ್ದು, ಮೇಲೆ ಹೋಗಿ, ನಡುವೆಯೇ ನಿಂತುಬಿಡುತ್ತದೆ. ಕಿವಿ ಮುಂದೆ ಮಾಡಿ, ಕಾಲು ಕದಲಿಸದೆ, ಬಲೆಯಾಚೆ ನೋಡುತ್ತ ಕಾಯುತ್ತಾಳೆ. ಹೊರಗೆ ಏನೂ ಕೇಳುವುದಿಲ್ಲ. ಆಮೇಲೆ ತಲೆ ತಗ್ಗಿಸಿ ಹುಲ್ಲಿಗೆ ಹೋಗುತ್ತಾಳೆ. ಕೆಂಚಿಯೂ ಹಾಗೆಯೇ ಮಾಡುತ್ತಾಳೆಂದು ಬೋಸಯ್ಯ ಹೇಳಿದ. ಇವರಿಗೆ ಯಾರೂ ಕಲಿಸಿಲ್ಲ. ದನದ ಪಾಲಿನ ಅರ್ಧ ಅವರ ರಕ್ತದಲ್ಲಿ ಉಳಿದುಕೊಂಡಿದೆ ಎಂದು ನನಗನ್ನಿಸುತ್ತದೆ. ಕಿಲಾರಿಯ ಪಾಲಿನ ಅರ್ಧ ಇಲ್ಲ. ಅವಳು ಕಾಯುವುದನ್ನು ನೋಡುತ್ತ ನಾನೂ ದೀಪದ ಬತ್ತಿ ಹಿಡಿದುಕೊಂಡು ನಿಂತಿರುತ್ತೇನೆ. ಉತ್ತರ ಕೊಡಬೇಕಾದವಳು ನಾನು, ನನ್ನ ಬಾಯಲ್ಲಿ ಉತ್ತರವಿಲ್ಲ.

ಬೂದಿ ಈಗ ಗಬ್ಬ, ಹೋರಿಯಿಲ್ಲದೆ ಡಾಕ್ಟ್ರಮ್ಮ ಸೂಜಿಯಲ್ಲಿ ಕಟ್ಟಿಸಿದ್ದು. ಪುಷ್ಯದಲ್ಲಿ ಕರು ಹಾಕುತ್ತಾಳೆ. ಮಾಘದಲ್ಲಿ ಚಳಿ ಬಿದ್ದರೆ ಇನ್ನೊಂದು ಸಲ, ಕೊನೆಯ ಸಲ, ಎರಡನ್ನೂ ಕಾವಲಿಗೆ ಬಿಡಲು ಅನುಮತಿಯಿದೆ. ಅವು ಕೂಡಿದರೆ ಒಂಟಿಕಟ್ಟು ಸಡಿಲಿಸಿ, ಕರುವನ್ನು ತಾಯಿಯ ಜೊತೆಗೇ ಬಿಡುತ್ತಾರೆ. ಎರಡು ಹಸು, ಒಂದು ಕರು. ಅಷ್ಟಾದರೆ ಅದನ್ನು ಮಂದೆ ಎಂದು ಕರೆಯಲು ನನಗೆ ಸಂಕೋಚವಿಲ್ಲ. ಕೂಡದಿದ್ದರೆ, ಹಾಲು ಬಿಟ್ಟ ದಿನ ಬಂಡಿ ಬರುತ್ತದೆ, ಕರು ಇನ್ನೊಂದು ಬಲೆಮನೆಗೆ ಹೋಗುತ್ತದೆ, ಅಲ್ಲಿ ಸಂಜೆ ಅದೂ ಪಡುವಣಕ್ಕೆ ತಿರುಗಿ ಅರ್ಧ ಕೂಗಿ ನಿಲ್ಲುತ್ತದೆ. ಬೂದಿಯನ್ನು ತಾಯಿಯಿಂದ ಎಳೆದೊಯ್ದಾಗ ಹಗ್ಗ ಹಿಡಿದವಳು ನಾನೇ. ಮತ್ತೊಮ್ಮೆ ಆ ಹಗ್ಗ ಹಿಡಿಯುವ ಶಕ್ತಿ ನನಗಿಲ್ಲ.

ಆದ್ದರಿಂದ ನಿಮ್ಮನ್ನು ಬೇಡುವುದು ಇಷ್ಟು. ಮಳೆ ನಿಂತು ಗಾಳಿ ಸತ್ತು ನೆಲ ಬೇಯುವ ದಿನಗಳಲ್ಲಿ, ಅಮ್ಮನ ಹೆಸರಿನಲ್ಲೇ ಆದರೂ, ಹಟ್ಟಿಹಟ್ಟಿಯ ದನ ಒಂದೆಡೆ ಕೂಡಿಸಬೇಡಿ. ಪೂಜೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ, ಅಮ್ಮ ಕಾಯುತ್ತಾಳೆ. ಬಾನಿಯ ಸುತ್ತ ಕೆಸರಾಗದಂತೆ ಕಲ್ಲು ಹಾಸಿ. ಬೇರೆ ಮಾಡಬೇಕಾಗಿ ಬಂದರೆ ಬೇರೆ ಮಾಡಿ, ಆದರೆ ಹವೆ ತಿರುಗಿದ ದಿನವೇ ಮತ್ತೆ ಕೂಡಿಸಿ, ಮುಂದಿನ ವರ್ಷ ಎನ್ನಬೇಡಿ.

ಇನ್ನು ಆ ಕೂಗು. ಅದನ್ನು ನನಗೆ ಬರೆದು, ಈ ಓಲೆ ಸಿಕ್ಕ ಬಾನಿಯಲ್ಲೇ ಇಡಿ. ಎಲ್ಲಿಂದ ಎತ್ತುತ್ತೀರಿ, ಎಲ್ಲಿ ಉಸಿರು ತೆಗೆಯುತ್ತೀರಿ, ಬಾಯಿಗೆ ಕೈ ಹಿಡಿಯುತ್ತೀರೋ ಇಲ್ಲವೋ, ಬೂದಿ ನಿಲ್ಲಿಸಿದ ಜಾಗದಿಂದ ಆಚೆಗೆ ಅದು ಹೇಗೆ ಇಳಿಯುತ್ತದೆ, ನಿಮಗೆ ತೋಚಿದ ಅಕ್ಷರದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕೂರಿಸಿಕೊಂಡು ಬರೆಸಿ. ಅವಳಿಗೆ ಕೇಳಿಸಲು ಮಂದೆಯಿಲ್ಲದ ಮನೆಯೊಳಗೆ ಕೂಗಬೇಕಾಗುತ್ತದೆ, ಕಟ್ಟಳೆ ಮುರಿಯುತ್ತದೆ, ನನಗೆ ಗೊತ್ತು. ಅದಕ್ಕೇ ಇವತ್ತಿನ ಉಪವಾಸ. ಆ ಪಾಪ ಕೂಗಿದವರಿಗೆ ಬೇಡ, ಕೂಗೆಂದು ಬೇಡಿದ ನನಗೆ ಬರಲಿ ಎಂದು ಬೆಳಗ್ಗೆ ಅಮ್ಮನ ಮುಂದೆ ಕರ್ಪೂರ ಹಚ್ಚಿ ಹೇಳಿಕೊಂಡಿದ್ದೇನೆ. ಮಾಘದವರೆಗಿನ ಎಲ್ಲ ಸೋಮವಾರಗಳೂ ಅದಕ್ಕೇ ಮುಡಿಪು. ನೀವು ಹೆದರದೆ ಕೂಗಿ.

ಸಂಜೆಯಾಗುತ್ತಾ ಬಂತು. ಬೂದಿ ಎದ್ದು ನಿಂತಿದ್ದಾಳೆ. ಓಲೆ ಮಡಿಸಿ ಬಾನಿಯಲ್ಲಿ ಇಟ್ಟು ಬರುತ್ತೇನೆ. ನಿಮ್ಮ ಉತ್ತರ ಬಂದರೆ ನನಗೆ ಇನ್ನೊಂದು ಓಲೆಯ ಹಕ್ಕು ಸಿಗುತ್ತದೆ. ಅದನ್ನು ಅವ್ವನಿಗೆ ಬರೆಯುವುದಿಲ್ಲ. ಮಾಘದ ಆ ದಿನ ಕಾವಲಿನಲ್ಲಿ ನಾನು ಕೂಗಿದೆನೋ, ಅವಳು ಪೂರ್ತಿ ಕೂಗಿದಳೋ, ಕೆಂಚಿ ಬಂದಳೋ ಎಂಬುದನ್ನು ನಿಮಗೇ ಬರೆದು, ಅದೇ ಬಾನಿಯಲ್ಲಿ ಇಡುತ್ತೇನೆ. ಮಾಘ ಕಳೆದ ಮೇಲೆ ದನಕ್ಕೆ ನೀರು ಕುಡಿಸಲು ಹೋದಾಗ ಒಂದು ಸಲ ಬಾನಿಯೊಳಗೆ ನೋಡಿ. ನಿಮಗೆ ಆಗದಿದ್ದರೆ, ನನ್ನ ಆ ಎರಡನೆಯ ಓಲೆ ತರಲು ಮನೆಯವರನ್ನು ಯಾರನ್ನಾದರೂ ಕಳಿಸಿಕೊಡಿ.